ಬೆರಕೆ ಮೀನುಗಳ ಪತ್ತೆಗೆ ಡಿಎನ್‌ಎ ಗುರುತುಗಳು

ಮೀನು ಸಾಕಣೆಯಲ್ಲಿ ಎರಡು ಪ್ರಭೇದಗಳು ಕೂಡಿ ಹುಟ್ಟಿದ ಮರಿಗಳನ್ನು ಅವುಗಳ ಡಿಎನ್‌ಎಯಲ್ಲಿನ ವ್ಯತ್ಯಾಸಗಳ ಮೂಲಕ ಗುರುತಿಸುವ ವಿಧಾನ. ಭಾರತದಲ್ಲಿ ಇದರ ಅಗತ್ಯ ಎದ್ದು ಕಾಣುವುದು ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳಲ್ಲಿ.

ಮಳೆಗಾಲದ ಹರಿವ ನದಿಯಲ್ಲಿ ಮೊಟ್ಟೆಯಿಡುವ ಈ ಮೀನುಗಳು ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡವು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯೂಟರಿ ಗ್ರಂಥಿಯ ಸಾರ ಚುಚ್ಚಿ ಇವುಗಳಿಂದ ಮೊಟ್ಟೆಯಿಡಿಸಿದ ಮೇಲೆ ಮರಿ ಉತ್ಪಾದನೆ ನದಿಯಿಂದ ತೊಟ್ಟಿಗೆ ಬಂತು. ಬೆರಕೆಯ ಅವಕಾಶವೂ ಜೊತೆಗೇ ಹೆಚ್ಚಿತು. ಒಂದೇ ತೊಟ್ಟಿಗೆ ಹಲವು ಪ್ರಭೇದಗಳ ಗಂಡು ಹೆಣ್ಣುಗಳನ್ನು ಬಿಟ್ಟರೆ ಯಾವ ಮೊಟ್ಟೆಗೆ ಯಾರ ವೀರ್ಯ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಮೂರೂ ಪ್ರಭೇದಗಳಿಗೆ ತಲಾ 50 ಕ್ರೋಮೋಸೋಮ್‌ಗಳಿರುವುದರಿಂದ ಅವು ಸುಲಭವಾಗಿ ಬೆರೆಯುತ್ತವೆ. ಕಾಟ್ಲಾ–ರೋಹು ಸಂಕರ ಬಂಜೆಯೂ ಅಲ್ಲ. ಬೆಳೆದ ಮೇಲೆ ಅದು ಮತ್ತೆ ರೋಹುವಿನೊಡನೆ ಕೂಡಬಲ್ಲದು.

ತಲೆ ಕಾಟ್ಲಾಕ್ಕಿಂತ ಚಿಕ್ಕದು, ರೋಹುವಿಗಿಂತ ದೊಡ್ಡದು ಎಂದು ಮೊದಲ ತಲೆಮಾರಿನ ಸಂಕರವನ್ನು ಪಳಗಿದ ಕಣ್ಣು ಹಿಡಿದೀತು. ಬೆರಳುದ್ದದ ಮರಿಯಲ್ಲಿ ಅದೂ ಕಷ್ಟ. ರೋಹುವಿನೊಡನೆ ಮರಳಿ ಕೂಡಿ ಹುಟ್ಟಿದ್ದು ರೋಹುವೆಂದೇ ಮಾರಾಟವಾಗುತ್ತದೆ.

ಪರೀಕ್ಷೆಗೆ ರೆಕ್ಕೆಯ ಚೂರೊಂದು ಸಾಕು, ಮೀನನ್ನು ಕೊಲ್ಲಬೇಕಿಲ್ಲ. ಪ್ರಭೇದ ಹೇಳಲು ಹೆಸರಾದ ಮೈಟೊಕಾಂಡ್ರಿಯದ ಡಿಎನ್‌ಎ ಇಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಅದು ತಾಯಿಯಿಂದ ಮಾತ್ರ ಬರುವುದರಿಂದ ರೋಹು ತಾಯಿ, ಕಾಟ್ಲಾ ತಂದೆಯ ಮರಿ ಶುದ್ಧ ರೋಹುವಾಗಿ ದಾಖಲಾಗುತ್ತದೆ. ಆದ್ದರಿಂದ ಕೋಶಕೇಂದ್ರದ ಗುರುತುಗಳು ಬೇಕು: ಉದ್ದದಲ್ಲಿ ಬೇರೆಯಾಗುವ ಮೈಕ್ರೊಸ್ಯಾಟಲೈಟ್‌ಗಳು, ಇಲ್ಲವೇ ಒಂದೇ ಅಕ್ಷರದಲ್ಲಿ ಬೇರೆಯಾಗುವ ಸ್ನಿಪ್‌ಗಳು. ಎರಡು ಪ್ರಭೇದಗಳಲ್ಲಿ ಖಚಿತವಾಗಿ ಬೇರೆಯಿರುವ ತಾಣಗಳನ್ನು ಆಯ್ದರೆ ಮೊದಲ ತಲೆಮಾರಿನ ಸಂಕರದ ಪ್ರತಿ ತಾಣದಲ್ಲೂ ಇಬ್ಬರ ಗುರುತೂ ಕಾಣುತ್ತದೆ.

ಮುಂದಿನ ತಲೆಮಾರಿನಲ್ಲೇ ತೊಡಕು. ಮರಳಿ ಕೂಡಿ ಹುಟ್ಟಿದ ಮರಿ ಒಂದು ತಾಣದಲ್ಲಿ ಶುದ್ಧವಾಗಿ ಕಾಣುವ ಸಾಧ್ಯತೆ ಅರ್ಧ. ಬೇರೆ ಬೇರೆ ಕ್ರೋಮೋಸೋಮ್‌ಗಳ 5 ತಾಣ ನೋಡಿದರೆ ಅದು ಸುಮಾರು ಶೇ. 3, 10 ನೋಡಿದರೆ ಸಾವಿರಕ್ಕೆ ಒಂದು. ರೋಹುವಿನೊಡನೆ ಎರಡನೆಯ ಬಾರಿ ಕೂಡಿದ ಸಂತತಿಯಲ್ಲಾದರೆ 10 ತಾಣ ನೋಡಿದ ಮೇಲೂ ಶೇ. 6ರಷ್ಟು ತಪ್ಪಿಸಿಕೊಳ್ಳುತ್ತವೆ. ಅಗ್ಗವೆಂದು ಒಂದೇ ಗುರುತನ್ನು ನೆಚ್ಚುವುದು ಪರೀಕ್ಷೆ ಮಾಡದಿರುವುದಕ್ಕಿಂತ ಕೆಟ್ಟದ್ದು. ಬೆರಕೆಗೆ ಶುದ್ಧತೆಯ ಪ್ರಮಾಣಪತ್ರ ಸಿಕ್ಕಂತಾಗುತ್ತದೆ.

ಕರ್ನಾಟಕದ ಕೆರೆಗಳಲ್ಲೂ ರೂಢಿಯಲ್ಲಿರುವ ಮಿಶ್ರ ಸಾಕಣೆ ನಿಂತಿರುವುದೇ ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆಂಬ ಲೆಕ್ಕದ ಮೇಲೆ. ಬೆರಕೆ ಮೀನು ಈ ಲೆಕ್ಕ ಕೆಡಿಸಬಹುದು. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ತಲೆಮಾರುಗಳ ಆಯ್ಕೆಯಿಂದ ಬೆಳೆಸಿದ ಜಯಂತಿ ರೋಹುವಿನಂಥ ತಳಿಗೆ ಕಾಟ್ಲಾ ಅಂಶ ಸೇರಿದರೆ ಆ ಶ್ರಮವೇ ತೆಳುವಾಗುತ್ತದೆ.

ಇದು ಭಾರತದ್ದಷ್ಟೇ ಸಮಸ್ಯೆಯಲ್ಲ. ಬ್ರೆಜಿಲ್‌ನಲ್ಲಿ ಪಿಂಟಾಡೊ ಮತ್ತು ಕಶಾರಾ ಎಂಬ ಎರಡು ದೊಡ್ಡ ಬೆಕ್ಕುಮೀನುಗಳನ್ನು ಬೇಕೆಂದೇ ಬೆರಸಿ ಸಾಕುತ್ತಾರೆ. ಅಲ್ಲಿನ ಸಂಕರಗಳೂ ಫಲವಂತ. ನದಿಗಳಲ್ಲಿಯೂ ಅವು ಪತ್ತೆಯಾಗಿವೆ. ಮೈಟೊಕಾಂಡ್ರಿಯದ ಗುರುತನ್ನು ಕೋಶಕೇಂದ್ರದ ಜೀನ್‌ಗಳ ಪಿಸಿಆರ್ ಪರೀಕ್ಷೆಯೊಡನೆ ಜೋಡಿಸಿ ಸಂಕರ ಯಾವುದು, ಅದರ ತಾಯಿ ಯಾವ ಪ್ರಭೇದ ಎಂಬೆರಡನ್ನೂ ಅಲ್ಲಿ ತಿಳಿಯುತ್ತಾರೆ.