ಕೂಲಿಯ ಕಾನೂನು, ಬೊಕ್ಕಸದ ನೆರವು

ಬಡ ಕೆಲಸಗಾರನಿಗೆ ಸರ್ಕಾರವು ಎರಡು ಬಗೆಯಲ್ಲಿ ಆಸರೆಯಾಗಬಹುದು: ಇಂತಿಷ್ಟಕ್ಕಿಂತ ಕಡಿಮೆ ಕೂಲಿ ಕೊಡಕೂಡದೆಂದು ಧಣಿಯನ್ನು ಶಾಸನದಿಂದ ನಿರ್ಬಂಧಿಸುವುದೊಂದು, ಕೂಲಿಯ ಭಾರದಲ್ಲಿ ಒಂದಂಶವನ್ನು ಬೊಕ್ಕಸದಿಂದಲೇ ವಹಿಸಿ ಕೆಲಸವನ್ನು ಉಳಿಸುವುದಿನ್ನೊಂದು. ನಮ್ಮಲ್ಲಿ ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಬೆಳೆದುಬಂದ ಈ ಎರಡು ಉಪಾಯಗಳು ಪರಸ್ಪರ ಎದುರಾದ ವಿರಳ ಸ್ಥಳಗಳಲ್ಲಿ ಹುಬ್ಬಳ್ಳಿ-ಧಾರವಾಡದ ಖಾದಿ ಉದ್ಯಮವೂ ಒಂದು.

ಶಾಸನವಿನ್ನೂ ಹುಟ್ಟದಿದ್ದ 1935ರಲ್ಲಿಯೇ ಗಾಂಧೀಜಿಯವರು ಅಖಿಲ ಭಾರತ ಚರಕಾ ಸಂಘದ ಮುಂದೆ ನೂಲುವವರ ಜೀವನವೇತನದ ಪ್ರಶ್ನೆಯನ್ನಿರಿಸಿದರು. ಎಂಟು ತಾಸಿನ ದುಡಿಮೆಗೆ ಎಂಟಾಣೆ ಸಲ್ಲಬೇಕೆಂಬುದು ಅವರ ಆಶಯವಾಗಿತ್ತು. ಕೂಲಿ ಏರಿದರೆ ಬಟ್ಟೆ ತುಟ್ಟಿಯಾಗಿ ಗಿರಾಕಿಗಳು ಹಿಂಜರಿದಾರೆಂಬ ಆತಂಕದಿಂದ ಸಂಘವು ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ಮುಂದಿನ ತೊಂಬತ್ತು ವರ್ಷಗಳ ಚರ್ಚೆಯೆಲ್ಲವೂ ಈ ಇಕ್ಕಟ್ಟಿನೊಳಗೇ ನಡೆದಿದೆಯೆಂದರೆ ಅತಿಶಯೋಕ್ತಿಯಾಗದು.

1948ರ ಕನಿಷ್ಠ ವೇತನ ಕಾಯಿದೆ ಜಾರಿಗೆ ಬಂದಾಗ ಹುಬ್ಬಳ್ಳಿಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎಣ್ಣೆ ಗಿರಣಿ, ಬೇಳೆ ಗಿರಣಿ, ಬೀಡಿ, ಕಲ್ಲು ಒಡೆಯುವುದು, ಬೇಸಾಯ, ಸ್ಥಳೀಯ ಸಂಸ್ಥೆಗಳ ಚಾಕರಿ ಮುಂತಾಗಿ ಸಂಘಟನೆಯ ಬಲವಿಲ್ಲದ ಕಸುಬುಗಳನ್ನು ಅದರ ಅನುಸೂಚಿ ಹೆಸರಿಸಿತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಮೂವರ ಅನ್ನ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು ಎಂದು ಲೆಕ್ಕಹಾಕಿದರೆ, 1991ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ, ವೈದ್ಯ ಮೊದಲಾದುವುಗಳಿಗೆ ಶೇ. 25ನ್ನು ಸೇರಿಸಿತು. ಮಾನದಂಡವು ಹೀಗೆ ಎತ್ತರವಾಗುತ್ತ ಹೋದರೂ, ಅದನ್ನು ಮುರಿದವನಿಗೆ ಗರಿಷ್ಠ ದಂಡ 500 ರೂ. ಆಗಿಯೇ ಉಳಿಯಿತು, ಸೆರೆವಾಸದ ವಿಧಿಯೂ ಇತ್ತೆನ್ನಿ. ಅನುಸೂಚಿಯಲ್ಲಿ ಮೊದಲಿನಿಂದ ಇದ್ದ ಸ್ಥಳೀಯ ಸಂಸ್ಥೆಗಳೇ ಪೌರಕಾರ್ಮಿಕರನ್ನು ಗುತ್ತಿಗೆದಾರರ ಕೈಗೊಪ್ಪಿಸಿದ್ದುವು. ಅವರಿಗೆ ನೇರವಾಗಿ ಪಗಾರ ಕೊಡುವ ತೀರ್ಮಾನವನ್ನು ರಾಜ್ಯವು ಕೈಗೊಂಡದ್ದು 2017ರಷ್ಟು ತಡವಾಗಿ.

ಖಾದಿಯ ಮಾತು ಬೇರೆ. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ, ಹುಬ್ಬಳ್ಳಿಯ ಬೆಂಗೇರಿಯ ಘಟಕದಲ್ಲಿ ಬಹುತೇಕ ಹೆಂಗಸರೇ ರಾಷ್ಟ್ರಧ್ವಜವನ್ನು ಕತ್ತರಿಸಿ, 24 ಅರಗಳ ಚಕ್ರವನ್ನು ಬಟ್ಟೆಯ ಎರಡೂ ಮಗ್ಗುಲಿಗೆ ಒಂದರ ಮೇಲೊಂದು ಕೂಡುವಂತೆ ಅಚ್ಚೊತ್ತಿ, ಹೊಲಿದು, ಹಗ್ಗ ಪೋಣಿಸುತ್ತಾರೆ. ಧಾರವಾಡದ ಹತ್ತಿರದ ಗರಗವೂ ಧ್ವಜದ ಬಟ್ಟೆಗೆ ಹೆಸರಾದುದು. ಬಹುಕಾಲ ಸರ್ಕಾರದ ನೆರವು ಮಾರಾಟದ ರಿಯಾಯಿತಿಯ ರೂಪದಲ್ಲಿ ಕೊಳ್ಳುವವನ ಕಿಸೆಗೇ ಸಲ್ಲುತ್ತಿದ್ದು, 2010ರಲ್ಲಿ ಉತ್ಪಾದನೆಯ ಮೌಲ್ಯದ ಶೇ. 20ನ್ನು ಕೊಡುವ ಪದ್ಧತಿ ಬಂದ ಮೇಲೆಯೇ ಅದರ ಕಾಲುಭಾಗವು ನೂಲುವ, ನೇಯುವ ಕೈಗಳಿಗೆ ಮೀಸಲಾಯಿತು. ಸಾವಿರ ಮೀಟರಿನ ಒಂದು ಲಡಿಗೆ ಖಾದಿ ಆಯೋಗದ ದರವು 7.50 ರೂ. ಇದ್ದುದು 2023ರಲ್ಲಿ 10, 2024ರಲ್ಲಿ 12.50, 2025ರಲ್ಲಿ 15 ರೂ. ಆಗಿದೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ಕ್ಕೆ ಗೊತ್ತಾದ 370 ರೂ. ದಿನಗೂಲಿಯನ್ನು ಇದೇ ದರದಿಂದ ಮುಟ್ಟಬೇಕಾದರೆ ಸುಮಾರು 25 ಲಡಿ, ಎಂದರೆ 25 ಕಿಲೋಮೀಟರು ನೂಲು, ಒಂದು ದಿನದಲ್ಲಿ ತೆಗೆಯಬೇಕು! ಇಷ್ಟರ ಮೇಲೆ, 2021ರ ಕೊನೆಯಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದ ಪಾಲಿಯೆಸ್ಟರಿಗೂ ಅನುಮತಿ ಕೊಟ್ಟ ಸರ್ಕಾರವು, ಒಂದು ಕೈಯಿಂದ ಪೋಷಿಸುತ್ತಿದ್ದ ಕಸುಬಿನ ಬೇಡಿಕೆಯನ್ನು ಇನ್ನೊಂದು ಕೈಯಿಂದ ಸಡಿಲಿಸಿತು.

ಸರ್ಕಾರವೇ ಧಣಿಯಾದಲ್ಲಿ ಕಾನೂನು ಯಾರನ್ನು ಕಟ್ಟುತ್ತದೆ? ಉದ್ಯೋಗ ಖಾತರಿಯ ಕೂಲಿಯನ್ನು ಕೇಂದ್ರವು 2009ರಲ್ಲಿ ಕನಿಷ್ಠ ವೇತನದಿಂದ ಬೇರ್ಪಡಿಸಿದಾಗ, ನಮ್ಮ ಹೈಕೋರ್ಟು 2011ರಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲಾಗದೆಂದು ಸಾರಿತು. ಈ ತೀರ್ಪಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಲಿಲ್ಲವೆಂದೇ ನನ್ನ ಭಾವನೆ.

ಈಚಿನ ಸಹಾಯಧನಗಳು ಕಾರ್ಖಾನೆಯತ್ತ ಮುಖಮಾಡಿವೆ. 2016ರ ಯೋಜನೆಯು 15,000 ರೂ.ವರೆಗಿನ ಸಂಬಳದ ಹೊಸ ನೌಕರರಿಗಾಗಿ ಧಣಿಯು ತೆರಬೇಕಾದ ಪಿಂಚಣಿಯ ವಂತಿಗೆಯನ್ನು ತಾನೇ ತುಂಬಿತು. 2025ರ ಆಗಸ್ಟಿನಿಂದ ನಡೆದಿರುವ ಯೋಜನೆಯು ಹೊಸ ನೌಕರನೊಬ್ಬನಿಗೆ ತಿಂಗಳಿಗೆ 3,000 ರೂ.ವರೆಗೆ ಧಣಿಗೇ ಕೊಡುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಜಾರಿಯಾದ ವೇತನ ಸಂಹಿತೆಯು ದಂಡವನ್ನು 50,000 ರೂ.ವರೆಗೆ ಏರಿಸಿ, ಬಾಕಿ ಕೇಳುವ ಅವಧಿಯನ್ನು ಆರು ತಿಂಗಳಿಂದ ಮೂರು ವರ್ಷಕ್ಕೆ ವಿಸ್ತರಿಸಿತು. ಆದರೆ ಸಹಾಯಧನದ ಎಣಿಕೆಯು ನಡೆಯುವುದು ಭವಿಷ್ಯನಿಧಿಯ ಯಾದಿಯಿಂದ. ಅಲ್ಲಿ ಹೆಸರಿಲ್ಲದ ಬೇಳೆ ಗಿರಣಿಯ ಕೂಲಿಗೂ ಮನೆಗೆಲಸದವಳಿಗೂ ಅದರಿಂದ ಒಂದು ಕಾಸೂ ಹುಟ್ಟದು.