ನಡುಮನೆಯ ಒಡ್ಡೋಲಗ

‘ಈ ಸಲ ನಿಮ್ಮನೆ ಥೀಮ್ ಏನು?’ ನವರಾತ್ರಿಗೆ ಇನ್ನೂ ತಿಂಗಳಿರುವಾಗಲೇ ಮೈಸೂರು, ಬೆಂಗಳೂರಿನ ಬಂಧುಬಳಗದ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ಓಡಾಡಲು ಶುರುವಾಗುತ್ತದೆ. ಒಬ್ಬರ ಮನೆಯಲ್ಲಿ ಗಿರಿಜಾ ಕಲ್ಯಾಣ, ಇನ್ನೊಬ್ಬರಲ್ಲಿ ಹಳ್ಳಿಯ ಸಂತೆ, ಮತ್ತೊಬ್ಬರಲ್ಲಿ ಚಂದ್ರಯಾನ. ಹಿರಿಯರಲ್ಲಿ ಕೆಲವರಿಗೆ ಇದು ಇರುಸುಮುರುಸು. ಗೊಂಬೆ ಹಬ್ಬವನ್ನು ಬರ್ತ್‌ಡೇ ಪಾರ್ಟಿ ಮಾಡಿಬಿಟ್ಟರಲ್ಲ ಎಂದು ಗೊಣಗುತ್ತಾರೆ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಈ ಗೊಣಗಾಟ ಸರಿ ಅನ್ನಿಸುವುದಿಲ್ಲ. ‘ಥೀಮ್’ ಎಂಬ ಪದ ಹೊಸದಿರಬಹುದು. ಆದರೆ ಒಂದು ವಿಷಯ ಹಿಡಿದು ಮನೆಯ ಹಜಾರವನ್ನೇ ಬೇರೊಂದು ಲೋಕವಾಗಿಸಿ, ನೆಂಟರಿಷ್ಟರನ್ನೂ ಕೇರಿಯ ಮಕ್ಕಳನ್ನೂ ಕರೆದು ತೋರಿಸಿ, ಕೈಗೊಂದು ತಿಂಡಿ ಕೊಟ್ಟು ಕಳಿಸುವ ಏರ್ಪಾಟು ಹಳೇ ಮೈಸೂರಿನ ಮನೆಗಳಿಗೆ ಹೊಸದಲ್ಲ. ಅದನ್ನು ಯೋಚಿಸಿ, ಲೆಕ್ಕ ಹಾಕಿ, ಕಟ್ಟಿ, ಹತ್ತನೆಯ ದಿನ ಬಿಚ್ಚಿಡುತ್ತ ಬಂದವರು ಹೆಂಗಸರು. ಆನೆ ಅಂಬಾರಿಗಳ ಬಗ್ಗೆ ಪುಟಗಟ್ಟಲೆ ಓದಲು ಸಿಗುವ ನಮಗೆ ಈ ಕೆಲಸದ ಬಗ್ಗೆ ಸಾಮಾನ್ಯವಾಗಿ ಸಿಗುವುದು ಒಂದು ಪ್ಯಾರಾ, ಅದೂ ‘ಮನೆಮನೆಗಳಲ್ಲಿ ಗೊಂಬೆಗಳನ್ನು ಅಲಂಕರಿಸುತ್ತಾರೆ’ ಎಂಬ ಧಾಟಿಯಲ್ಲಿ. ಯಾರು ಅಲಂಕರಿಸುತ್ತಾರೆ ಎಂದು ಆ ವಾಕ್ಯ ಹೇಳುವುದೇ ಇಲ್ಲ.

ಮೊದಲು ಪದಗಳನ್ನೇ ನೋಡೋಣ. ನಾವು ಗೊಂಬೆ ‘ಇಡುವುದಿಲ್ಲ’, ‘ಜೋಡಿಸುವುದೂ’ ಇಲ್ಲ. ಗೊಂಬೆ ‘ಕೂರಿಸುತ್ತೇವೆ’. ತೆಲುಗಿನವರು ಬೊಮ್ಮಲ ಕೊಲುವು ಅನ್ನುತ್ತಾರೆ, ತಮಿಳಿನವರು ಕೊಲು. ಕೊಲುವು ಎಂದರೆ ರಾಜನ ಸಭೆ, ನಮ್ಮ ಹಳೆಯ ಮಾತಿನಲ್ಲಿ ಓಲಗ, ಒಡ್ಡೋಲಗ. ಹಾಗಾಗಿ ಈ ಹಬ್ಬದ ಥೀಮು ಅದರ ಹೆಸರಿನಲ್ಲೇ ಇದೆ: ದರ್ಬಾರು. ದರ್ಬಾರಿನಲ್ಲಿ ಮುಖ್ಯವಾದ ಪ್ರಶ್ನೆ ಒಂದೇ, ಯಾರು ಎಲ್ಲಿ ಕೂರಬೇಕು ಎಂಬುದು. ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯಲ್ಲಿ ಕಟ್ಟುವ ಮೆಟ್ಟಿಲುಗಳು ಉತ್ತರಿಸುವುದೂ ಆ ಪ್ರಶ್ನೆಯನ್ನೇ.

ಮೈಸೂರಿನವರ ಕಣ್ಣೆದುರಿಗೆ ನಿಜವಾದ ದರ್ಬಾರೇ ಇತ್ತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ವಿಜಯನಗರದ ಮಹಾನವಮಿಯ ಮುಂದುವರಿಕೆ. 1799ರ ನಂತರ ರಾಜಧಾನಿ ಮೈಸೂರಿಗೆ ಬಂತು. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಸರೆಯ ವಿಶೇಷ ದರ್ಬಾರು ನಡೆಯಲು ತೊಡಗಿತು. ಆಗ ಅವರಿಗೆ ವಯಸ್ಸು ಸುಮಾರು 11. (ಸಿಂಹಾಸನದ ಮೇಲೆ ಒಬ್ಬ ಹುಡುಗ, ಸುತ್ತ ಪೇಟ ತೊಟ್ಟ ದೊಡ್ಡವರು. ಗೊಂಬೆ ಮೆಟ್ಟಿಲಿಗೂ ಆ ಸಭೆಗೂ ಆಗ ತುಂಬ ದೂರವಿದ್ದಿರಲಾರದು!) ರಾಜಮನೆತನದವರು, ಅಧಿಕಾರಿಗಳು, ಆಹ್ವಾನಿತರು ತಂತಮ್ಮ ಅಂತಸ್ತಿಗೆ ತಕ್ಕ ಜಾಗದಲ್ಲಿ ಇರುತ್ತಿದ್ದರು. ಅರಮನೆಯ ಹೆಂಗಸರು ಇದನ್ನೆಲ್ಲ ನೋಡುತ್ತಿದ್ದದ್ದು ಮೇಲಂತಸ್ತಿನಿಂದ, ಮರೆಯ ಹಿಂದಿನಿಂದ.

ಈಗ ಮನೆಯ ಮೆಟ್ಟಿಲಿನ ತುದಿ ನೋಡಿ. ಅಲ್ಲಿರುವುದು ಪಟ್ಟದ ಗೊಂಬೆ, ರಾಜ ಮತ್ತು ರಾಣಿ. ರಾಣಿ ಮರೆಯ ಹಿಂದೆ ಇಲ್ಲ. ರಾಜನ ಪಕ್ಕದಲ್ಲೇ, ಅವನಷ್ಟೇ ಎತ್ತರದಲ್ಲಿ, ಎಲ್ಲರಿಗೂ ಕಾಣುವಂತೆ ಇದ್ದಾಳೆ. ಅರಮನೆಯ ದರ್ಬಾರಿನ ನಕಲು ಎಂದು ನಾವು ಸಲೀಸಾಗಿ ಹೇಳುವ ಈ ಗೊಂಬೆ ದರ್ಬಾರು ಮೂಲದ ಒಂದು ಮುಖ್ಯ ನಿಯಮವನ್ನೇ ಬದಲಿಸಿಬಿಟ್ಟಿದೆ. ಇದನ್ನು ಬಂಡಾಯ ಎಂದು ಕರೆದರೆ ಅತಿಯಾದೀತು. ದಂಪತಿಗಳನ್ನು ಜೊತೆಯಾಗಿ ಪೂಜಿಸುವ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ, ಇದು ಅದರ ಮುಂದುವರಿಕೆ ಎನ್ನಬಹುದು. ಆದರೂ ಇಡೀ ಸಭೆಯನ್ನು ಕಟ್ಟುವ ಕೈ ಹೆಂಗಸಿನದಾದಾಗ ರಾಣಿಗೆ ಸಭೆಯಲ್ಲಿ ಜಾಗ ಸಿಕ್ಕಿತು ಎಂಬುದನ್ನು ಗಮನಿಸದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಈ ಜೋಡಿ ಮನೆಗೆ ಬರುವ ದಾರಿಯೂ ಬೇರೆ. ಸಿಂಹಾಸನ ತಂದೆಯಿಂದ ಮಗನಿಗೆ ಹೋಗುತ್ತದೆ. ಪಟ್ಟದ ಗೊಂಬೆ ಮದುವೆಯಲ್ಲಿ ತವರಿನಿಂದ ಮಗಳ ಜೊತೆ ಬರುತ್ತದೆ. ರಕ್ತಚಂದನದಂಥ ಗಟ್ಟಿ ಮರದಲ್ಲಿ ಕೆತ್ತಿದ, ನೆಟ್ಟಗೆ ನಿಂತ, ಕೈಕಾಲು ಅಷ್ಟೇನೂ ತಿದ್ದಿರದ ಗೊಂಬೆಗಳು. ತಿರುಪತಿಯ ಕಡೆಯಿಂದ ಬಂದವು ಹೆಚ್ಚು. ಅವಕ್ಕೆ ರೂಪ ಬರುವುದು ಬಟ್ಟೆಯಿಂದ. ಹಳೆಯ ಜರಿ ಸೀರೆಯ ತುಂಡಿನಿಂದ ರಾಣಿಗೆ ಸೀರೆ, ಮಿಕ್ಕಿದ್ದರಲ್ಲಿ ರಾಜನಿಗೆ ಪೇಟ, ಮಣಿಸರ, ಅಂಚಿಗೆ ಚೂರು ಜರತಾರಿ. ಪ್ರತಿವರ್ಷ ಹೊಸದಾಗಿ ಉಡಿಸಬೇಕು. ಯಾವ ವರ್ಷ ಯಾರ ಸೀರೆ ಹರಿಯಿತು, ಯಾವ ಮಗಳ ಮದುವೆಯ ರವಿಕೆ ಬಟ್ಟೆ ಮಿಕ್ಕಿತು ಎಂಬುದೆಲ್ಲ ಆ ಎರಡು ಗೊಂಬೆಗಳ ಮೈಮೇಲೆ ಇರುತ್ತದೆ.

ಜಪಾನಿನ ಹಿನಾ ಹಬ್ಬದಲ್ಲೂ ಹೀಗೆಯೇ. ಮಾರ್ಚ್ 3ರಂದು ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ತುದಿಯಲ್ಲಿ ಸಾಮ್ರಾಟ ಮತ್ತು ಸಾಮ್ರಾಜ್ಞಿ, ಅವರ ಕೆಳಗೆ ಮೂವರು ಸಖಿಯರು, ಅದರ ಕೆಳಗೆ ಐವರು ವಾದ್ಯಗಾರರು. ಹೆಣ್ಣುಮಕ್ಕಳ ಹಬ್ಬವದು. ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಎತ್ತಿಡಲು ತಡ ಮಾಡಿದರೆ ಮಗಳ ಮದುವೆಯೂ ತಡವಾಗುತ್ತದೆಂದು ಅಲ್ಲಿಯ ಅಜ್ಜಿಯರು ಹೆದರಿಸುತ್ತಾರಂತೆ. ಎರಡಕ್ಕೂ ನಂಟು ಹುಡುಕುವ ಉಮೇದು ನನಗಿಲ್ಲ. ಆಸ್ಥಾನವನ್ನು ಮನೆಯೊಳಗೆ ಪುಟ್ಟದಾಗಿ ಕಟ್ಟಿ ನೋಡುವ ಆಸೆ ಎರಡು ಕಡೆಯೂ ಹೆಣ್ಣುಮಕ್ಕಳ ಹಬ್ಬವಾಯಿತು ಎಂಬುದಷ್ಟೇ ನನಗೆ ಮುಖ್ಯ.

ಮೇಲಿನ ಮೆಟ್ಟಿಲಿಗೆ ಸಂಪ್ರದಾಯದ ಬಿಗಿಯಿದೆ. ದಶಾವತಾರ, ರಾಮಪಟ್ಟಾಭಿಷೇಕ, ಕಲಶ. ಕೆಳಗೆ ಇಳಿದಷ್ಟೂ ಕಟ್ಟುವವಳಿಗೆ ಸ್ವಾತಂತ್ರ್ಯ ಹೆಚ್ಚು. ನೆಲದ ಮೇಲಂತೂ ಪೂರ್ತಿ ಅವಳದೇ ರಾಜ್ಯ. ಅಲ್ಲಿ ದುಂಡು ಹೊಟ್ಟೆಯ ಶೆಟ್ಟರು, ಶೆಟ್ಟಿಯಮ್ಮ ಅಂಗಡಿ ಹಾಕಿಕೊಂಡು ಕೂತಿರುತ್ತಾರೆ. ಎದುರಿಗೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ. ಪಕ್ಕದಲ್ಲಿ ಮದುವೆ ದಿಬ್ಬಣ. ಅದರಾಚೆ ಜಂಬೂಸವಾರಿ, ಸಿಪಾಯಿಗಳ ಸಾಲು. ಊರು ಬದಲಾದಂತೆ ಈ ನೆಲವೂ ಬದಲಾಯಿತು. 1880ರ ದಶಕದ ಹೊತ್ತಿಗೆ ಚಾಮರಾಜೇಂದ್ರ ಒಡೆಯರ ಕಾಲದ ದಸರಾ ವಸ್ತುಪ್ರದರ್ಶನ ಜನರಿಗೆ ಹೊಸ ವಸ್ತುಗಳನ್ನು ಸಾಲಾಗಿ ಇಟ್ಟು ತೋರಿಸುವ ರೂಢಿ ತಂದಿತು. 1892ರಲ್ಲಿ ಮೃಗಾಲಯ ಬಂತು. 1930ರ ದಶಕದ ಹೊತ್ತಿಗೆ ಕನ್ನಂಬಾಡಿ ಕಟ್ಟೆ, ಅದರ ಕೆಳಗೆ ಬೃಂದಾವನ. ಮನೆಯ ಗೊಂಬೆಗಳ ನಡುವೆಯೂ ಒಂದು ಝೂ, ಒಂದು ಪಾರ್ಕು, ಒಂದು ಅಣೆಕಟ್ಟು ಎದ್ದವು. ಅರಮನೆ ರಾಜನನ್ನು ತೋರಿಸುತ್ತಿತ್ತು, ವಸ್ತುಪ್ರದರ್ಶನ ರಾಜ್ಯದ ಪ್ರಗತಿಯನ್ನು ತೋರಿಸುತ್ತಿತ್ತು. ಗೊಂಬೆ ಕೂರಿಸುವವಳು ಇವೆರಡನ್ನೂ ಒಂದೇ ಕೋಣೆಗೆ ತಂದು, ಮಧ್ಯೆ ಶೆಟ್ಟರ ಅಂಗಡಿಯನ್ನೂ ತೆರೆದಳು.

ಇದಕ್ಕೆ ಬೇಕಾದ ಯೋಜನೆ ಸಣ್ಣದಲ್ಲ. ಪಾರ್ಕಿನ ಹುಲ್ಲಿಗೆ ರಾಗಿಯನ್ನೋ ಸಾಸಿವೆಯನ್ನೋ ತೆಂಗಿನ ಚಿಪ್ಪಿನಲ್ಲಿ, ತಟ್ಟೆಯಲ್ಲಿ ಮೊದಲೇ ಬಿತ್ತಬೇಕು. ಬೇಗ ಬಿತ್ತಿದರೆ ಹಬ್ಬದ ಹೊತ್ತಿಗೆ ಬಾಗಿ ಬೀಳುತ್ತದೆ, ತಡವಾದರೆ ಮಣ್ಣೇ ಕಾಣುತ್ತದೆ. ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಅಟ್ಟದ ಮೇಲಿನ ಟ್ರಂಕು ಇಳಿಯಬೇಕು. ಮೆಟ್ಟಿಲಿಗೆ ಬೆಂಚು, ಮರದ ಪೆಟ್ಟಿಗೆ, ಸೀಮೆಎಣ್ಣೆ ಡಬ್ಬ, ಇಟ್ಟಿಗೆ, ದಪ್ಪ ಪುಸ್ತಕ, ಎಲ್ಲದರ ಮೇಲೂ ಒಂದು ಮಡಿ ಪಂಚೆ. ಕೊಳಕ್ಕೆ ಕನ್ನಡಿ, ರಸ್ತೆಗೆ ಬಣ್ಣದ ಮರದಪುಡಿ. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಕೊಳ್ಳಬೇಕೆಂಬ ನಿಯಮವಿರುವುದರಿಂದ ಅದಕ್ಕೂ ದುಡ್ಡು ಎತ್ತಿಡಬೇಕು. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗೊಂಬೆಯೋ, ಹಗುರ ಮರದ ಕಿನ್ನಾಳ ಗೊಂಬೆಯೋ, ಕೈ ಬಿಗಿಯಿದ್ದರೆ ಮಣ್ಣಿನದೋ. ಚನ್ನಪಟ್ಟಣದ ಕಸುಬಿನಲ್ಲಿ ಮುಸ್ಲಿಂ ಕುಶಲಕರ್ಮಿಗಳ ಪಾಲು ದೊಡ್ಡದು. ಮಡಿ ಪಂಚೆಯ ಮೇಲೆ ಆ ಗೊಂಬೆ ಕೂರುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ ಎಂಬುದನ್ನು ಇವತ್ತಿನ ದಿನಗಳಲ್ಲಿ ಹೇಳಿಬಿಡುವುದು ಒಳ್ಳೆಯದು.

ಆಮೇಲೆ ಅತಿಥಿಗಳು. ಒಂಬತ್ತು ಸಂಜೆಗಳನ್ನು ಹಂಚಿಕೊಳ್ಳಬೇಕು. ಒಂದು ದಿನ ಬೀಗರು, ಒಂದು ದಿನ ಅಕ್ಕಪಕ್ಕದವರು. ಹೆಂಗಸರನ್ನು ಕುಂಕುಮದ ಭರಣಿ ಹಿಡಿದು ಮನೆಗೇ ಹೋಗಿ ಕರೆಯಬೇಕು. ಮಕ್ಕಳಿಗೆ ಕರೆಯೇ ಬೇಡ. ದಸರಾ ರಜೆಯ ಸಂಜೆಗಳಲ್ಲಿ ಗುಂಪುಕಟ್ಟಿಕೊಂಡು ಬಾಗಿಲಿಗೆ ಬಂದು ‘ಗೊಂಬೆ ಕೂರ್ಸಿದ್ದೀರಾ?’ ಎಂದು ಕೂಗುತ್ತಾರೆ. ಆರತಿಯಾದ ಮೇಲೆ ಅವರ ಕೈಗೆ ಬೀಳುವುದೇ ಗೊಂಬೆ ಬಾಗಿನ. ಒಂದು ದಿನ ಕೋಡುಬಳೆ, ಮರುದಿನ ಕೊಬ್ಬರಿ ಮಿಠಾಯಿ, ಇನ್ನೊಂದು ದಿನ ಉಸಲಿ. ಯಾವ ಮನೆಯಲ್ಲಿ ಎಂದು ಏನು ಕೊಡುತ್ತಾರೆಂಬ ಗುಪ್ತ ಮಾಹಿತಿ ಮಕ್ಕಳ ನಡುವೆ ಅರಮನೆಯ ಬೇಹುಗಾರಿಕೆಯನ್ನೂ ಮೀರಿಸುವಂತಿರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಸಿಹಿ ಹಂಚಿ ಮುಗಿಸಿದ ಹಾಗಾಗುತ್ತದೆ. ದರ್ಬಾರೆಂದ ಮೇಲೆ ಅದಕ್ಕೆ ಬಾಗಿಲೂ ಇರುತ್ತದೆ, ಬಾಗಿಲಾಚೆ ನಿಂತವರೂ ಇರುತ್ತಾರೆ. ಗೊಂಬೆ ಕೂರಿಸುತ್ತಿದ್ದದ್ದು ಬಹುಮಟ್ಟಿಗೆ ಅಟ್ಟ, ಹಜಾರ, ವರ್ಷವಿಡೀ ಮುಟ್ಟದೆ ಇಡುವಷ್ಟು ಸಾಮಾನು ಇದ್ದ ಮನೆಗಳು, ಹೆಚ್ಚಾಗಿ ಮೇಲ್ಜಾತಿಯವು. ಕೇರಿಯ ಮಕ್ಕಳೆಲ್ಲ ಬರುತ್ತಿದ್ದರು ಎಂದು ಹಿರಿಯರು ಹೇಳುವಾಗ ಯಾವ ಕೇರಿಯ ಮಕ್ಕಳು ಎಂದು ಕೇಳಬೇಕು. ಹಜಾರದವರೆಗೆ ಬಂದವರು ಯಾರು, ಜಗಲಿಯಲ್ಲೇ ಬಾಗಿನ ಪಡೆದು ತಿರುಗಿದವರು ಯಾರು ಎಂದೂ ಕೇಳಬೇಕು. ನಾನು ಮಾತಾಡಿಸಿದ ಅಜ್ಜಿಯರಲ್ಲಿ ಒಬ್ಬರು ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜಗಲಿ ದೊಡ್ಡದಾಗಿತ್ತಮ್ಮ’ ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮನೆಯೊಳಗೂ ಇಂಥ ಒಂದು ಗೆರೆ ಇತ್ತು. ಗಂಡನನ್ನು ಕಳೆದುಕೊಂಡ ಅತ್ತೆಯೋ ಚಿಕ್ಕಮ್ಮನೋ ಮನೆಯಲ್ಲಿದ್ದರೆ ಗೊಂಬೆಯ ಕೆಲಸದಲ್ಲಿ ಅವರದೇ ಪಳಗಿದ ಕೈ. ರಾಣಿಗೆ ನೆರಿಗೆ ಹಿಡಿಯಲು, ಪೈರು ಬೆಳೆಸಲು, ಐವತ್ತು ಮಕ್ಕಳಿಗಾಗುವಷ್ಟು ಹಿಟ್ಟು ಕಲಸಲು ಅವರು ಬೇಕು. ಸಂಜೆ ಮುತ್ತೈದೆಯರು ಬಂದು ಅರಿಶಿನ ಕುಂಕುಮದ ತಟ್ಟೆ ಹೊರಬಂದಾಗ ಅವರು ಒಳಗೆ ಸರಿಯಬೇಕು. ರಾಣಿಯನ್ನು ಮರೆಯ ಹಿಂದಿನಿಂದ ಹೊರಗೆ ತಂದ ಹಬ್ಬವೇ ಆ ರಾಣಿಗೆ ಸೀರೆ ಉಡಿಸಿದವಳನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿತು. ಗೊಂಬೆ ಹಬ್ಬದ ಬಗ್ಗೆ ಬರುವ ಸುಂದರ ಲೇಖನಗಳಲ್ಲಿ ಈ ಬಾಗಿಲು ಕಾಣದಿದ್ದಾಗ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಮನೆಗಳಲ್ಲಿ ಈಗ ಇದು ಸಡಿಲವಾಗಿದೆ, ಕೆಲವು ಕಡೆ ಅಳಿಸಿಹೋಗಿದೆ. ಈ ಬದಲಾವಣೆ ತಂದವರಿಗೆ ‘ಥೀಮ್’ ಬದಲಾಯಿಸಿದವರಿಗೆ ಸಿಗುವ ಬಹುಮಾನ ಸಿಗುವುದಿಲ್ಲ.

ಹೊರಗಿನ ದರ್ಬಾರಿಗೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜರ ಬಿರುದು, ರಾಜಧನಗಳನ್ನು ರದ್ದು ಮಾಡಿತು. ಅಂಬಾರಿಯಲ್ಲಿ ಮಹಾರಾಜರ ಜಾಗಕ್ಕೆ ಚಾಮುಂಡೇಶ್ವರಿ ಬಂದಳು. ಅರಮನೆಯ ಗೊಂಬೆತೊಟ್ಟಿಯಲ್ಲಿ 19ನೇ ಶತಮಾನದ, 20ನೇ ಶತಮಾನದ ಆರಂಭದ ಗೊಂಬೆಗಳನ್ನು ಟಿಕೆಟ್ ಕೊಂಡವರೆಲ್ಲ ಇವತ್ತು ನೋಡಬಹುದು. ಮನೆಗಳಲ್ಲಿ ಮಾತ್ರ ಯಾವ ತಿದ್ದುಪಡಿಯೂ ಜಾರಿಯಾಗಲಿಲ್ಲ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ಕಬ್ಬಿಣದ ಮಡಚುವ ಮೆಟ್ಟಿಲಿನ ತುದಿಯಲ್ಲಿ, ಚಂದ್ರಯಾನದ ರಾಕೆಟ್ಟಿಗಿಂತ ಮೇಲೆ ರಾಜರಾಣಿಯರು ಈಗಲೂ ಇದ್ದಾರೆ. ಕಡಲಾಚೆಯ ಕನ್ನಡಿಗರ ಮನೆಗಳಲ್ಲಿ ಹಬ್ಬ ವಾರಾಂತ್ಯಕ್ಕೆ ಸರಿದುಕೊಂಡಿದೆ. ಸೂಟ್‌ಕೇಸಿನಲ್ಲಿ ಉಡುಪಿನ ನಡುವೆ ಸುತ್ತಿಕೊಂಡು ಹೋದ ಮರದ ಜೋಡಿ ಅಲ್ಲೂ ಮೇಲಿನ ಮೆಟ್ಟಿಲಲ್ಲೇ ಇದೆ.

ಸಂಶೋಧನೆಯ ತೊಡಕು ಇರುವುದು ಇಲ್ಲಿಯೇ. ಅರಮನೆಯ ದರ್ಬಾರಿಗೆ ಚಿತ್ರಗಳಿವೆ, ಕಡತಗಳಿವೆ. ಹಜಾರದ ದರ್ಬಾರು ಹತ್ತು ದಿನಕ್ಕೆ ಮುಗಿದು ಟ್ರಂಕು ಸೇರುತ್ತದೆ. ಹಾಗಾಗಿ ನಾನೀಗ ಗೊಂಬೆಗಿಂತ ಟ್ರಂಕುಗಳನ್ನೇ ಹೆಚ್ಚು ನೋಡುತ್ತೇನೆ. ಗೊಂಬೆ ಸುತ್ತಿಟ್ಟ ಹಳೆಯ ಪತ್ರಿಕೆಯ ಹಾಳೆಯಲ್ಲಿ ತಾರೀಖು ಸಿಗುತ್ತದೆ. ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಯಾವ ಗೊಂಬೆ ಯಾರು ಕೊಟ್ಟದ್ದು, ಯಾವುದರ ಕೈ ಮುರಿದಿದೆ, ಮುಂದಿನ ವರ್ಷಕ್ಕೆ ಏನು ತರಬೇಕು ಎಂದು ಬರೆದಿರುತ್ತದೆ. ವಿಜಯದಶಮಿಯ ರಾತ್ರಿ ರಾಜರಾಣಿಯರನ್ನು ಮೊದಲು ಮಲಗಿಸಿ, ಮರುದಿನ ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ಸುತ್ತಿಡುವಾಗ ಬರೆದ ಚೀಟಿಗಳು. ನಾನು ನೋಡಿದ ಒಂದರಲ್ಲಿ ಮೂರು ಬೇರೆ ಬೇರೆ ಕೈಬರಹಗಳಿದ್ದವು. ಕೊನೆಯದು ಬಾಲ್‌ಪೆನ್ನಿನಲ್ಲಿ, ರಾಗಿಯನ್ನು ಎರಡು ದಿನ ಮೊದಲೇ ಬಿತ್ತಬೇಕೆಂಬ ಸೂಚನೆ.