ಗಾಜಿಗೂ ಲೋಹಕ್ಕೂ ನಂಟು



ದೀಪಾವಳಿಯ ದಿನಗಳಲ್ಲಿ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯ ದೀಪಾಲಂಕಾರವನ್ನು ನಾವೆಲ್ಲರೂ ಮಕ್ಕಳೊಡನೆ ನೋಡಿ ಬರುತ್ತೇವೆ. ಇಂದಿನವು ಎಲ್‌ಇಡಿ ದೀಪಗಳು. ನಮ್ಮ ಬಾಲ್ಯವನ್ನು ಬೆಳಗಿದ್ದಾದರೋ ಗಾಜಿನ ಬಲ್ಬು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅದು ‘ಮೈಸೂರು ಲ್ಯಾಂಪ್ಸ್’ ಬಲ್ಬು. ಅದರ ಬುಡದಲ್ಲಿ ಅಡಗಿದ್ದ ಒಂದು ಬೆಸುಗೆಯ ಚರಿತ್ರೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇವೆ.

ಬಲ್ಬಿನೊಳಕ್ಕೆ ವಿದ್ಯುತ್ತು ಹೋಗಬೇಕು, ಗಾಳಿ ಹೋಗಬಾರದು. ಆದ್ದರಿಂದ ತಂತಿಯ ಸುತ್ತ ಗಾಜು ಬಿಗಿಯಾಗಿ ಕೂಡಿಕೊಳ್ಳಬೇಕು. ಆದರೆ ಬಿಸಿಯಾದಾಗ ಎರಡೂ ಸಮನಾಗಿ ಹಿಗ್ಗುವುದಿಲ್ಲ. ತಾಮ್ರವು ಸಾಮಾನ್ಯ ಗಾಜಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆರುವಾಗ ಬಿರುಕು ತಪ್ಪದು. ಪ್ಲಾಟಿನಂ ಹೆಚ್ಚುಕಡಿಮೆ ಗಾಜಿನಷ್ಟೇ ಹಿಗ್ಗುವುದರಿಂದ 1879ರಲ್ಲಿ ಎಡಿಸನ್ ಅದನ್ನೇ ಬಳಸಿದರು. ಆದರೆ ಅದು ಬಡವರ ಮನೆಯ ದೀಪಕ್ಕೆ ಒಗ್ಗುವ ಲೋಹವಲ್ಲ.

ಲೋಹದ ಬೆಸುಗೆಯೂ ಬರಿಯ ಗಾಜಿಗೆ ಅಂಟದು. ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. 1877ರಲ್ಲಿ ಆಮ್ಲಜನಕವನ್ನು ದ್ರವವಾಗಿಸಿದ ಫ್ರಾನ್ಸಿನ ಕಾಯ್ತೆಯವರು ಇದಕ್ಕೊಂದು ದಾರಿ ಕಂಡರು: ಗಾಜಿಗೆ ಪ್ಲಾಟಿನಂ ಲೇಪಿಸಿ, ಅದರ ಮೇಲೆ ತಾಮ್ರವನ್ನು ಕೂರಿಸಿ, ಬಳಿಕ ತವರದಿಂದ ಬೆಸೆಯುವುದು.

ಬಲ್ಬಿಗೂ ಲೇಪನವೇ ಗತಿಯಾಯಿತು. 1910ರ ದಶಕದಲ್ಲಿ ಅಮೆರಿಕದ ಕಾಲಿನ್ ಫಿಂಕ್ ಅವರು ನಿಕಲ್-ಕಬ್ಬಿಣದ ತಂತಿಗೆ ತಾಮ್ರದ ಕವಚ ತೊಡಿಸಿದರು. ಇದೇ ‘ಡ್ಯೂಮೆಟ್’ ತಂತಿ. ಒಳಗಿನ ಮಿಶ್ರಲೋಹ ಹಿಗ್ಗನ್ನು ಹಿಡಿದಿಡುತ್ತದೆ. ಮೇಲಿನ ತಾಮ್ರದ ಆಕ್ಸೈಡ್ ಪದರವು ಕರಗಿದ ಗಾಜಿನೊಡನೆ ಬೆರೆಯುತ್ತದೆ. ತಂತಿಯ ಹೊರತುದಿಯನ್ನು ಸೀಸ-ತವರದಿಂದ ಬುಡಕ್ಕೆ ಬೆಸೆಯುತ್ತಿದ್ದರು. ನಮ್ಮೂರಿನ ಬಲ್ಬಿನ ಬುಡದಲ್ಲಿದ್ದ ಎರಡು ಬೂದುಬಣ್ಣದ ಬೊಟ್ಟುಗಳು ಅವೇ.

ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಬಲ್ಬನ್ನೇ ತಯಾರಿಸುವ ಮೈಸೂರು ಲ್ಯಾಂಪ್ ವರ್ಕ್ಸ್ ಮಲ್ಲೇಶ್ವರದಲ್ಲಿ ಸ್ಥಾಪನೆಯಾದದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ.

ವೈದ್ಯರಾದ ನಮಗೆ ಈ ವಿದ್ಯೆಯ ಋಣ ಇನ್ನೂ ಹೆಚ್ಚು. 1895ರಲ್ಲಿ ರಂಟ್ಜೆನ್ನರು ಎಕ್ಸ್-ರೇ ಕಂಡದ್ದು ತಂತಿ ಹಾಯಿಸಿದ ಗಾಜಿನ ನಿರ್ವಾತ ನಳಿಗೆಯಿಂದ. ಅಲ್ಲಿ ಕೂಡಿಕೆ ಸೋರಿದರೆ ಚಿತ್ರವೇ ಇಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1970ರಲ್ಲಿ ಎಕ್ಸ್-ರೇ ನಳಿಗೆಗಳ ತಯಾರಿಕೆಗೆ ತೊಡಗಿತು. ವಿದ್ಯಾರ್ಥಿದೆಸೆಯಲ್ಲಿ ನಾವು ಮುರಿದ ಮೂಳೆಯ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದೆವೇ ಹೊರತು, ಅದನ್ನು ಸಾಧ್ಯವಾಗಿಸಿದ ಗಾಜಿನ ಕೆಲಸದವರನ್ನು ಒಮ್ಮೆಯೂ ನೆನೆಯಲಿಲ್ಲ. ಈ ಮಾತನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ.

ಮೈಸೂರು ಲ್ಯಾಂಪ್ಸ್ 2003ರಲ್ಲಿ ಮುಚ್ಚಿತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಬೆಂಗಳೂರೆಂದರೆ ಕಂಪ್ಯೂಟರಿನ ಊರು. ಕುಲುಮೆಯ ಉರಿಯ ಮುಂದೆ ಗಾಜಿಗೂ ಲೋಹಕ್ಕೂ ನಂಟು ಬೆಸೆದ ಕೈಗಳ ಊರೂ ಅದೇ ಎಂಬುದನ್ನು ಅವರಿಗೆ ನಾವಲ್ಲದೆ ಯಾರು ಹೇಳಬೇಕು? ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಹಳೆಯ ಬಲ್ಬೊಂದು ಸಿಕ್ಕರೆ ಎಸೆಯದಿರಿ. ಮಕ್ಕಳ ಕೈಗಿತ್ತು, ಒಳಗಿನ ಗಾಜಿನ ಕಂಬದಲ್ಲಿ ಕೆಂಪಗೆ ಹೊಳೆಯುವ ಆ ತಂತಿಯ ತುಣುಕನ್ನು ತೋರಿಸಿ.